ಮೀನಿಗೂ ನೋವುಂಟೇ?



ಬಿತ್ತನೆ, ಗೊಬ್ಬರ, ಹುಳುಬಾಧೆ ಇವುಗಳ ಮಾತು ಯಾವಾಗಲೂ ಇದ್ದೇ ಇದೆ. ಈ ದಿವಸ ಸ್ವಲ್ಪ ಬೇರೆ ಮಾತು ಆಡೋಣ ಅಂತ ಬಂದಿದ್ದೇನೆ. ಬೇರೆಯಾದರೂ ಇದು ನಿಮ್ಮ ಕೃಷಿಹೊಂಡಕ್ಕೆ, ಊರ ಕೆರೆಗೆ, ಮನೆಯ ಒಲೆಗೆ ಸಂಬಂಧಪಟ್ಟ ಮಾತೇ.

ಕಳೆದ ಬೇಸಿಗೆಯಲ್ಲಿ ಒಂದು ಹಳ್ಳಿಗೆ ಹೋಗಿದ್ದೆ. ಕೆರೆ ಬತ್ತುತ್ತಾ ಬಂದಿತ್ತು. ಊರವರೆಲ್ಲಾ ಸೇರಿ ಮೀನು ಹಿಡಿಯುತ್ತಿದ್ದರು. ಬೀಸುಬಲೆ, ಕೂಳಿ, ಹಳೇ ಸೀರೆ, ಕೈಗೆ ಸಿಕ್ಕಿದ್ದೆಲ್ಲಾ ಬಲೆಯೇ. ಏರಿಯ ಮೇಲೆ ಬಿಸಿಲಿನಲ್ಲಿ ಗೆಂಡೆ ಮೀನಿನ ರಾಶಿ. ಮೇಲಿನವು ಹಾರುತ್ತಿದ್ದವು, ಕೆಳಗಿನವು ಬಾಯಿ ತೆರೆದು ಮುಚ್ಚುತ್ತಿದ್ದವು. ಆ ರಾಶಿಯ ಪಕ್ಕದಲ್ಲಿ ಕೂತಿದ್ದ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು, "ಸಾರ್, ಇದಕ್ಕೆ ನೋಯ್ತದಾ?" ಅಂತ ಕೇಳಿದಳು. ಅವಳ ತಾತ ನಕ್ಕು, "ಮೀನಿಗೆಂಥಾ ನೋವು ಮಗಾ? ಅದರ ರಕ್ತವೇ ತಣ್ಣಗೆ" ಅಂದರು. ಹುಡುಗಿ ತಾತನ ಕಡೆ ನೋಡಲೇ ಇಲ್ಲ; ನನ್ನ ಕಡೆಯೇ ನೋಡುತ್ತಿದ್ದಳು. "ಓದಿ ಹೇಳ್ತೀನಿ ಮರಿ" ಅಂತ ಹೇಳಿ ನಾನು ತಪ್ಪಿಸಿಕೊಂಡೆ.

ಈ ಪ್ರಶ್ನೆ ನನಗೆ ಹೊಸದಲ್ಲ. ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ರೈತರ ಹೊಂಡಕ್ಕೆ ಎರಡು ಸಾವಿರ ಮೀನುಮರಿ ತರಿಸಿಕೊಟ್ಟಿದ್ದೆ. ಮರಿಗಳು ಪ್ಲಾಸ್ಟಿಕ್ ಚೀಲದಲ್ಲಿ ಬಂದಾಗ ನಡುಮಧ್ಯಾಹ್ನ. ನನಗೆ ಬಸ್ಸಿನ ಹೊತ್ತಾಗುತ್ತಿತ್ತು. "ಬೇಗ ಸುರೀರಿ" ಅಂದೆ. ಚೀಲ ಕತ್ತರಿಸಿ ದಬದಬನೆ ನೀರಿಗೆ ಸುರಿದುಬಿಟ್ಟೆವು. ಮಾರನೆಯ ಬೆಳಿಗ್ಗೆ ಆ ರೈತರು ಫೋನು ಮಾಡಿ, "ಸಾರ್, ನೀರು ಬೆಳ್ಳಗಾಗಿದೆ" ಅಂದರು. ಹೋಗಿ ನೋಡಿದರೆ ಸತ್ತ ಮರಿಗಳೆಲ್ಲಾ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಆ ಮನೆಯ ಅಜ್ಜಿ ನನ್ನನ್ನು ಬಯ್ಯಲಿಲ್ಲ. "ಕರು ಆಗಿದ್ರೆ ಕೂಗ್ತಿತ್ತು ಕಣಪ್ಪಾ, ಇದಕ್ಕೆ ಬಾಯಿಲ್ಲ" ಅಂದರು, ಅಷ್ಟೆ. ಆ ರೈತರಿಗೆ ದುಡ್ಡೂ ಹೋಯಿತು, ಒಂದು ಹಂಗಾಮೂ ಹೋಯಿತು. ತಪ್ಪು ನನ್ನದೇ.

ಆದ್ದರಿಂದ ಆ ಹುಡುಗಿಯ ಪ್ರಶ್ನೆಯನ್ನು ಬಿಡದೆ ಓದಿದೆ, ತಿಳಿದವರನ್ನು ಕೇಳಿದೆ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಕಾದ ಹೆಂಚಿಗೆ ಕೈ ತಗುಲಿದರೆ ಏನಾಗುತ್ತದೆ? ಮೊದಲು ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಆಮೇಲೆ "ಅಯ್ಯೋ" ಅನ್ನುವ ಉರಿ ನಮಗೆ ಗೊತ್ತಾಗುತ್ತದೆ. ಕೈ ಎಳೆದುಕೊಳ್ಳುವುದು ಬೆನ್ನುಹುರಿಯ ಕೆಲಸ. ಉರಿ ಅನ್ನಿಸುವುದು ಮಿದುಳಿನ ಕೆಲಸ. ಹಾಗಾದರೆ ಗಾಳಕ್ಕೆ ಸಿಕ್ಕ ಮೀನು ಒದ್ದಾಡಿತು ಅಂದ ಮಾತ್ರಕ್ಕೆ ಅದಕ್ಕೆ ನೋವಾಯಿತು ಅಂತ ಹೇಳಲಾಗುವುದಿಲ್ಲ. ಮುಟ್ಟಿದರೆ ಮುನಿಯೂ ಎಲೆ ಮಡಚಿಕೊಳ್ಳುತ್ತದೆ; ಅದಕ್ಕೆ ನೋವಾಯಿತು ಅಂತ ನಾವು ಹೇಳುತ್ತೇವೆಯೇ? ಇಲ್ಲ. ಹಾಗಾದರೆ ಗೊತ್ತುಹಚ್ಚುವುದು ಹೇಗೆ? ಒದ್ದಾಟ ನಿಂತ ಮೇಲೂ ಆ ಪ್ರಾಣಿಯ ನಡೆ ಬದಲಾಗಿದೆಯೇ, ಹಸಿವು ಬಿಟ್ಟಿದೆಯೇ, ನೋವು ಕಡಿಮೆ ಮಾಡುವ ಮದ್ದು ಕೊಟ್ಟರೆ ಸರಿಹೋಗುತ್ತದೆಯೇ ಅಂತ ನೋಡಬೇಕು. ದನಕ್ಕೆ ಹುಷಾರಿಲ್ಲದಿದ್ದರೆ ನೀವು ನೋಡುವುದೂ ಇದನ್ನೇ ಅಲ್ಲವೇ? ಮೇವು ಬಿಟ್ಟಿದೆ, ಮೂಲೆ ಸೇರಿದೆ ಅಂತ ತಾನೇ ಹೇಳುವುದು?

2003ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಲಿನ್ ಸ್ನೆಡನ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಯವರು ಇದೇ ರೀತಿ ಪರೀಕ್ಷೆ ಮಾಡಿದರು. ತಣ್ಣೀರಿನಲ್ಲಿ ಬೆಳೆಯುವ ಟ್ರೌಟ್ ಎಂಬ ಮೀನನ್ನು ತೆಗೆದುಕೊಂಡರು. ಅದರ ತಲೆಯಲ್ಲಿ, ತುಟಿಯ ಸುತ್ತಮುತ್ತ ನೋವಿನ ಸುದ್ದಿ ಒಯ್ಯುವ ನರದ ತುದಿಗಳಿವೆಯೇ ಅಂತ ಹುಡುಕಿದರು. ಇದ್ದವು. 22 ಕಡೆ ಸಿಕ್ಕವು. ನಮ್ಮ ಚರ್ಮದಲ್ಲಿ ಇರುವಂಥವೇ. ಒತ್ತಿದರೆ, ಸುಟ್ಟರೆ, ಹುಳಿ ತಗುಲಿದರೆ ಸುದ್ದಿ ಕಳಿಸುವಂಥವು.

ಆಮೇಲೆ ಕೆಲವು ಮೀನುಗಳ ತುಟಿಗೆ ಜೇನುನೊಣದ ವಿಷ, ಇನ್ನು ಕೆಲವಕ್ಕೆ ವಿನಿಗರಿನಲ್ಲಿರುವ ಹುಳಿ ಆಮ್ಲ, ಮತ್ತೆ ಕೆಲವಕ್ಕೆ ಬರಿಯ ಉಪ್ಪುನೀರು ಚುಚ್ಚಿದರು. ಸೂಜಿ ಎಲ್ಲವಕ್ಕೂ ಒಂದೇ ಅನ್ನುವುದನ್ನು ಮರೆಯಬೇಡಿ. ಉಪ್ಪುನೀರಿನ ಮೀನುಗಳು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಮತ್ತೆ ತಿನ್ನಲು ಬಂದವು. ವಿಷ ಮತ್ತು ಹುಳಿ ಚುಚ್ಚಿಸಿಕೊಂಡವು ಸುಮಾರು ಮೂರು ಗಂಟೆ ಮೇವು ಮುಟ್ಟಲಿಲ್ಲ. ಅವುಗಳ ಕಿವಿರು ಬೇಗಬೇಗ ಬಡಿದುಕೊಳ್ಳುತ್ತಿತ್ತು. ತೊಟ್ಟಿಯ ತಳದಲ್ಲಿ ಕೂತು ಅತ್ತಿತ್ತ ತೂಗಾಡುತ್ತಿದ್ದವು. ಹುಳಿ ಚುಚ್ಚಿದವಂತೂ ತುಟಿಯನ್ನು ಜಲ್ಲಿಕಲ್ಲಿಗೆ, ತೊಟ್ಟಿಯ ಗೋಡೆಗೆ ಉಜ್ಜುತ್ತಿದ್ದವು. ಚೇಳು ಕಚ್ಚಿದ ಜಾಗವನ್ನು ನಾವು ಉಜ್ಜಿಕೊಳ್ಳುವುದಿಲ್ಲವೇ?

ಇನ್ನೂ ಒಂದು ಪರೀಕ್ಷೆ ಕೇಳಿ. ಟ್ರೌಟ್ ಬಹಳ ಪುಕ್ಕಲು ಮೀನು. ತೊಟ್ಟಿಗೆ ಏನಾದರೂ ಹೊಸ ವಸ್ತು ಇಳಿಬಿಟ್ಟರೆ ದೂರ ಸರಿಯುತ್ತದೆ. ಹುಳಿ ಚುಚ್ಚಿಸಿಕೊಂಡ ಮೀನು ಮಾತ್ರ ಸರಿಯಲಿಲ್ಲ. ಆ ವಸ್ತುವಿನ ಹತ್ತಿರವೇ ಇದ್ದಿತು. ಹಲ್ಲುನೋವು ಬಂದವನಿಗೆ ಮನೆಗೆ ನೆಂಟರು ಬಂದರೂ ಗಮನವಿರುವುದಿಲ್ಲ ನೋಡಿ, ಹಾಗೆ. ಅದೇ ಮೀನಿಗೆ ಮಾರ್ಫಿನ್ ಎಂಬ ನೋವು ಮರೆಸುವ ಮದ್ದು ಕೊಟ್ಟಾಗ ಮೊದಲಿನಂತೆ ಹೆದರಿ ದೂರ ಸರಿಯಿತು. ಬರಿಯ ಬೆನ್ನುಹುರಿಯ ಕೆಲಸವಾಗಿದ್ದರೆ ಹೀಗೆ ಗಮನ ತಪ್ಪುವುದು, ಮದ್ದಿಗೆ ಗಮನ ಮರಳುವುದು ಆಗುತ್ತಿರಲಿಲ್ಲ.

ಜೀಬ್ರಾ ಮೀನು ಅಂತ ಬೆರಳಿನಷ್ಟೂ ಉದ್ದವಿಲ್ಲದ ಪಟ್ಟೆಮೀನು ಒಂದಿದೆ. ನಮ್ಮ ದೇಶದ ಹೊಳೆ, ಗದ್ದೆನೀರಿನದೇ. ಅದಕ್ಕೆ ಎರಡು ಕೋಣೆಯ ತೊಟ್ಟಿ ಮಾಡಿಕೊಟ್ಟರು. ಒಂದರಲ್ಲಿ ಗಿಡ, ಕಲ್ಲು ಎಲ್ಲಾ ಇದೆ, ಇನ್ನೊಂದು ಬೋಳು. ಮೀನು ಗಿಡವಿರುವ ಕಡೆಯೇ ಇರುತ್ತಿತ್ತು. ಹುಳಿ ಚುಚ್ಚಿ, ಬೋಳು ಕೋಣೆಯ ನೀರಿನಲ್ಲಿ ಮಾತ್ರ ನೋವು ಮರೆಸುವ ಮದ್ದು ಕರಗಿಸಿಟ್ಟಾಗ ಮೀನು ಬೋಳು ಕೋಣೆಯನ್ನೇ ಆರಿಸಿಕೊಂಡಿತು. ಹಲ್ಲು ಕೀಳುವ ಮೊದಲು ಡಾಕ್ಟರು ಒಸಡಿಗೆ ಚುಚ್ಚುವ ಮದ್ದೂ ಅದೇ ಜಾತಿಯದು. ನೋವು ತಿಳಿಯದಿದ್ದರೆ ಅನುಕೂಲದ ಜಾಗ ಬಿಟ್ಟು ಯಾಕೆ ಹೋಗಬೇಕು?

ಇದನ್ನು ಒಪ್ಪದ ಪಂಡಿತರೂ ಇದ್ದಾರೆ. ಅವರ ಮಾತನ್ನು ಮುಚ್ಚಿಡಬಾರದು. ಅಮೆರಿಕದ ಜೇಮ್ಸ್ ರೋಸ್ 2002ರಲ್ಲಿ, ಆಸ್ಟ್ರೇಲಿಯಾದ ಬ್ರಯನ್ ಕೀ 2016ರಲ್ಲಿ ಬರೆದರು: ಮನುಷ್ಯನಿಗೆ ನೋವು ಅನ್ನಿಸುವುದು ಮಿದುಳಿನ ಹೊರಪದರದಿಂದ, ಮೀನಿಗೆ ಆ ಪದರವೇ ಇಲ್ಲ, ಆದ್ದರಿಂದ ಮೀನಿಗೆ ನೋವು ಅನ್ನಿಸುವುದಿಲ್ಲ ಅಂತ. ವಾದ ಗಟ್ಟಿಯಾಗಿಯೇ ಇದೆ. ಆದರೆ ನನ್ನದೊಂದು ಸಾದಾ ಮಾತಿದೆ. ನಮ್ಮ ಪದರದಂಥ ಪದರ ಕೋಳಿಯ ಮಿದುಳಿನಲ್ಲೂ ಇಲ್ಲ. ಕೋಳಿಯ ಕಾಲು ಮುರಿದರೆ ಅದಕ್ಕೆ ನೋವಿಲ್ಲ ಅಂತ ನಿಮ್ಮಲ್ಲಿ ಯಾರಾದರೂ ಹೇಳುತ್ತೀರಾ? ಮನೆಗೆ ಬೆಳಕು ಕರೆಂಟಿನ ದೀಪದಿಂದಲೂ ಬರಬಹುದು, ಹಣತೆಯಿಂದಲೂ ಬರಬಹುದು. ಮೀನಿನ ನೋವು ನಮ್ಮ ನೋವಿನಂತೆಯೇ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ಏನೂ ಇಲ್ಲ ಅನ್ನುವುದು ಕಷ್ಟ ಅಂತ ಹೇಳುತ್ತಿದ್ದೇನೆ. 2024ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ಹಲವು ದೇಶಗಳ ವಿಜ್ಞಾನಿಗಳು ಒಂದು ಘೋಷಣೆಗೆ ರುಜು ಹಾಕಿದರು. ಮೀನೂ ಸೇರಿದಂತೆ ಬೆನ್ನೆಲುಬಿರುವ ಎಲ್ಲಾ ಪ್ರಾಣಿಗಳಿಗೂ ಅರಿವು ಇರುವ ಸಂಭವ ನಿಜವಾಗಿಯೂ ಇದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಅದರಲ್ಲಿದೆ.

ನೋವಾಯಿತು, ಸುಖ ಉಂಟೋ? ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಹತ್ತಿರ ನೋಡಿರುತ್ತೀರಿ. ಜನ ಪುರಿ ಎಸೆದರೆ ದೊಡ್ಡ ದೊಡ್ಡ ಮೀನುಗಳು ಮೆಟ್ಟಿಲಿಗೇ ಬಂದು ಮುತ್ತುತ್ತವೆ. ಯಾರೂ ಹಿಡಿಯದ ಜಾಗದಲ್ಲಿ ಮೀನಿಗೆ ಭಯವಿಲ್ಲ. ಮೀನು ನೆನಪಿಡುತ್ತದೆ, ಕಲಿಯುತ್ತದೆ. ಜೇನುಹುಳದ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಬಹುಮಾನ ಪಡೆದ ಕಾರ್ಲ್ ಫಾನ್ ಫ್ರಿಶ್ ಅವರು, ಅದಕ್ಕೂ ಎಷ್ಟೋ ಮುಂಚೆ, 1923ರಲ್ಲಿ, ಕಣ್ಣು ಕಾಣದ ಒಂದು ಮೀಸೆಮೀನಿಗೆ ಸಿಳ್ಳೆ ಹಾಕಿ ಮೇವು ಕೊಟ್ಟು ರೂಢಿ ಮಾಡಿಸಿದ್ದರು. ಕೆಲವು ದಿನಕ್ಕೆ ಮೇವು ಕಾಣಿಸುವ ಮೊದಲೇ, ಬರಿಯ ಸಿಳ್ಳೆಗೇ ಅದು ಗೂಡು ಬಿಟ್ಟು ಹೊರಗೆ ಬರುತ್ತಿತ್ತು.

ಸಮುದ್ರದಲ್ಲಿ ಇನ್ನೊಂದು ಸೊಗಸು ಇದೆ. ಹವಳದ ದಿಬ್ಬಗಳಲ್ಲಿ ಕ್ಷೌರಿಕನ ಅಂಗಡಿಯ ಹಾಗೆ ಒಂದು ಪುಟ್ಟ ಮೀನು ಇರುತ್ತದೆ. ಬೇರೆ ಮೀನುಗಳು ಅದರ ಮುಂದೆ ಬಂದು ನಿಲ್ಲುತ್ತವೆ. ಅದು ಅವುಗಳ ಮೈಮೇಲಿನ ಹುಳ ತಿಂದು ಚೊಕ್ಕಟ ಮಾಡುತ್ತದೆ, ನಡುನಡುವೆ ರೆಕ್ಕೆಯಿಂದ ಮೈ ಸವರುತ್ತದೆ. 2011ರಲ್ಲಿ ಮಾರ್ತಾ ಸೋರೆಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಆ ಪುಟ್ಟ ಮೀನಿನ ಗೊಂಬೆ ಮಾಡಿ, ಅದು ಅಲ್ಲಾಡುವಂತೆ ಇಟ್ಟರು. ದಣಿಸಿ ಹೆದರಿಸಿದ್ದ ಮೀನುಗಳು ತಾವಾಗಿಯೇ ಹೋಗಿ ಆ ಗೊಂಬೆಗೆ ಮೈ ಒಡ್ಡಿದವು. ಅವುಗಳ ರಕ್ತದಲ್ಲಿ ಕಾತರದ ರಸ ಕಡಿಮೆಯಾಗಿತ್ತು. ಅಲ್ಲಾಡದ ಗೊಂಬೆಯಿಂದ ಹಾಗಾಗಲಿಲ್ಲ. ಹುಳ ತಿನ್ನುವ ಲಾಭ ಗೊಂಬೆಯಲ್ಲಿ ಇಲ್ಲವಷ್ಟೆ. ಇರುವುದು ಸವರಿಸಿಕೊಳ್ಳುವ ಹಿತ ಮಾತ್ರ. ಎತ್ತಿನ ಗಂಗೆದೊಗಲನ್ನು ಕೆರೆದರೆ ಅದು ಕತ್ತು ಚಾಚಿ ಕಣ್ಣು ಮುಚ್ಚುತ್ತದಲ್ಲ, ಅದು ನೆನಪಾಗುವುದಿಲ್ಲವೇ?

ನಮ್ಮ ಹೊಂಡಕ್ಕೆ ನೇರವಾಗಿ ಸೇರಿದ ಇನ್ನೊಂದು ಸಂಗತಿ. ಅದೇ ಫಾನ್ ಫ್ರಿಶ್ ಅವರು 1938ರಲ್ಲಿ ಕಂಡುಹಿಡಿದದ್ದು ಇದು. ಗೆಂಡೆ ಕುಟುಂಬದ ಮೀನಿನ ಚರ್ಮ ಹರಿದರೆ ಅದರಿಂದ ಒಂದು ವಸ್ತು ನೀರಿಗೆ ಸೇರುತ್ತದೆ. ಅದರ ವಾಸನೆ ಹಿಡಿದು ಗುಂಪಿನ ಮಿಕ್ಕ ಮೀನುಗಳು ಬೆದರಿ ಓಡುತ್ತವೆ. ನಾವು ಸಾಕುವ ಕಾಟ್ಲಾ, ರೋಹು, ಮೃಗಾಲ್ ಎಲ್ಲಾ ಅದೇ ಕುಟುಂಬದವು. ಒಂದನ್ನು ಒರಟಾಗಿ ಹಿಡಿದು ಗಾಯ ಮಾಡಿ ನೀರಿಗೆ ಬಿಟ್ಟರೆ ಮಿಕ್ಕವಕ್ಕೂ ಹೆದರಿಕೆ ಹತ್ತುತ್ತದೆ. ಹೆದರಿದ ಮೀನು ಸರಿಯಾಗಿ ಮೇವು ತಿನ್ನುವುದಿಲ್ಲ. ಮೇವು ತಿನ್ನದ್ದು ತೂಕ ಬರುವುದಿಲ್ಲ.

ಹಾಗಾದರೆ ಮೀನು ಸಾಕಬಾರದೇ, ತಿನ್ನಬಾರದೇ? ನಾನು ಅದನ್ನು ಹೇಳಲು ಬಂದವನಲ್ಲ. ತಿನ್ನುವುದು, ಬಿಡುವುದು ಅವರವರ ಮನೆಯ ಪದ್ಧತಿ. ಹೊಂಡದ ಮೀನಿನಿಂದ ಎಷ್ಟೋ ಮನೆಗಳಿಗೆ ನಾಲ್ಕು ಕಾಸು ಬರುತ್ತದೆ, ಮಕ್ಕಳಿಗೆ ಒಳ್ಳೆಯ ಆಹಾರ ಸಿಗುತ್ತದೆ. ನಾನು ಹೇಳುವುದು ಇಷ್ಟೆ: ಸಾಕುವಷ್ಟು ದಿನ ಅದು ಕಷ್ಟಪಡದಿರಲಿ, ಕೊಲ್ಲುವಾಗ ಬೇಗ ಮುಗಿಯಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಕೇಳಿ.

ಮೊದಲನೆಯದು, ಮರಿ ಬಿಡುವುದು. ನನ್ನ ತಪ್ಪು ನೀವು ಮಾಡಬೇಡಿ. ಮರಿಗಳನ್ನು ಬೆಳಗಿನ ತಂಪಿನಲ್ಲಿ ಇಲ್ಲವೇ ಸಂಜೆ ಬಿಡಿ. ಚೀಲವನ್ನು ಬಿಚ್ಚದೆ 15ರಿಂದ 20 ನಿಮಿಷ ಹೊಂಡದ ನೀರಿನಲ್ಲಿ ತೇಲಬಿಡಿ. ಚೀಲದ ನೀರಿನ ಬಿಸಿಯೂ ಹೊಂಡದ ಬಿಸಿಯೂ ಒಂದಾಗಲಿ. ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಹಾಕಿ. ಕೊನೆಗೆ ಚೀಲವನ್ನು ಓರೆ ಮಾಡಿ ಹಿಡಿದರೆ ಮರಿಗಳು ತಾವಾಗಿಯೇ ಈಜಿಕೊಂಡು ಹೋಗುತ್ತವೆ. ನಾನು ಮಾಡಿದ ಅವಸರ ಅರ್ಧ ಗಂಟೆಯದು. ಅದಕ್ಕೆ ತೆತ್ತದ್ದು ಎರಡು ಸಾವಿರ ಜೀವ.

ಎರಡನೆಯದು, ಹೊಂಡದ ಉಸಿರು. ಎಕರೆ ನೀರಿಗೆ ಬೆರಳುದ್ದದ ಮರಿ 2,000 ಸಾಕು. "ಇನ್ನೂ ಸಾವಿರ ಇರಲಿ ಬಿಡಿ" ಅಂತ ಆಸೆಪಟ್ಟರೆ ಎಲ್ಲವಕ್ಕೂ ಉಸಿರು ಸಾಲದು. ರಾತ್ರಿ ಹೊತ್ತು ನೀರಿನ ಪಾಚಿ ಆಮ್ಲಜನಕ ಮಾಡುವುದಿಲ್ಲ, ಇದ್ದದ್ದನ್ನೇ ಖರ್ಚು ಮಾಡುತ್ತದೆ. ಹೀಗಾಗಿ ಹೊತ್ತು ಮೂಡುವ ಮುಂಚೆ ಉಸಿರಿನ ಕೊರತೆ ಅತಿ ಹೆಚ್ಚು. ಬೆಳಿಗ್ಗೆ ಎದ್ದು ಹೊಂಡದ ಕಡೆ ನೋಡಿ. ಮೀನುಗಳು ಮೇಲೆ ಬಂದು ಬಾಯಿ ಕಳೆಯುತ್ತಿದ್ದರೆ ಅದು ಆಟವಲ್ಲ, ಏದುಸಿರು. ಕೂಡಲೇ ಸಗಣಿ, ಮೇವು ನಿಲ್ಲಿಸಿ. ಹೊಸ ನೀರು ಬಿಡಿ. ಪಂಪಿದ್ದರೆ ಹೊಂಡದ ನೀರನ್ನೇ ಎತ್ತಿ ಮಳೆಯಂತೆ ಚಿಮುಕಿಸಿ. ಇಲ್ಲದಿದ್ದರೆ ಬಿದಿರುಗಳುವಿನಿಂದ ನೀರನ್ನು ಬಡಿಯಿರಿ. ಮೋಡ ಕವಿದ ದಿನಗಳಲ್ಲಿ ಇದರ ಮೇಲೆ ಕಣ್ಣಿರಲಿ.

ಮೂರನೆಯದು, ಹಿಡಿಯುವುದು. ಬಿಸಿಲೇರುವ ಮೊದಲೇ ಬಲೆ ಹಾಕಿ. ಮಾರುವಷ್ಟನ್ನೇ ಹಿಡಿಯಿರಿ. ತೂಕ ನೋಡಿ ಮತ್ತೆ ನೀರಿಗೆ ಬಿಡುವ ಮೀನನ್ನು ಒಣಗೈಯಲ್ಲಿ ಮುಟ್ಟಬೇಡಿ, ಕೈ ಒದ್ದೆ ಮಾಡಿಕೊಳ್ಳಿ. ಮೀನಿನ ಮೈಮೇಲಿನ ಲೋಳೆ ಅದರ ಹೊದಿಕೆ. ಅದು ಕಿತ್ತುಹೋದರೆ ರೋಗ ಹತ್ತುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತಬೇಡಿ. ಸಿಡಿಮದ್ದು ಹಾಕುವುದು, ನೀರಿಗೆ ವಿಷ ಬೆರೆಸುವುದು ಇವಂತೂ ಕೂಡದೇ ಕೂಡದು. ಸಿಡಿಮದ್ದಿಗೆ ಸತ್ತದ್ದಕ್ಕಿಂತ ಒಳಗೆ ಒಡೆದುಕೊಂಡು ತಳಕ್ಕೆ ಇಳಿದು ನರಳುವುದು ಹೆಚ್ಚಿರಬಹುದು. ಮರಿ, ಮೊಟ್ಟೆ ಯಾವುದೂ ಉಳಿಯುವುದಿಲ್ಲ. 1897ರ ಮೀನುಗಾರಿಕೆ ಕಾಯಿದೆಯೇ ಈ ಎರಡನ್ನೂ ಅಪರಾಧ ಅಂದಿತ್ತು.

ನಾಲ್ಕನೆಯದು, ಕೊಲ್ಲುವುದು. ಈ ಮಾತು ಕೇಳಲು ಹಿತವಲ್ಲ, ಆದರೂ ಹೇಳಲೇಬೇಕು. ಏರಿಯ ಮೇಲೆ ರಾಶಿ ಹಾಕಿ ತಾನಾಗಿ ಸಾಯಲಿ ಅಂತ ಬಿಡುತ್ತೇವಲ್ಲ, ಅದೇ ಅತಿ ಕೆಟ್ಟದ್ದು. ಗೆಂಡೆ ಜಾತಿ ಬೇಗ ಸಾಯುವುದಿಲ್ಲ; ಬಹಳ ಹೊತ್ತು ಉಸಿರಿಗೆ ಒದ್ದಾಡುತ್ತದೆ. ಅದರ ಬದಲು ಬುಟ್ಟಿಯ ಪಕ್ಕದಲ್ಲಿ ಮೊಳದುದ್ದದ ಒಂದು ಗಟ್ಟಿ ಕೊರಡು ಇಟ್ಟುಕೊಳ್ಳಿ. ಮೀನನ್ನು ಒದ್ದೆ ಗೋಣಿಯಲ್ಲಿ ಹಿಡಿದು ಕಣ್ಣಿನ ಸ್ವಲ್ಪ ಹಿಂದೆ, ನೆತ್ತಿಯ ಮೇಲೆ ಒಂದೇ ಗಟ್ಟಿ ಪೆಟ್ಟು ಕೊಡಿ. ಅದಕ್ಕೆ ಆ ಕ್ಷಣವೇ ಎಚ್ಚರ ತಪ್ಪುತ್ತದೆ. ಕೂಡಲೇ ಕಿವಿರಿನ ಹತ್ತಿರ ಕೊಯ್ದು ರಕ್ತ ಬಸಿಯಲು ಬಿಡಿ. ಆಮೇಲೆ ಮಂಜುಗಡ್ಡೆಯಲ್ಲಿ ಇಡಿ.

ಇದರಲ್ಲಿ ನಿಮಗೂ ಲಾಭವಿದೆ. ಒದ್ದಾಡಿ ಸತ್ತ ಮೀನಿನ ಮಾಂಸಖಂಡದಲ್ಲಿ ಕೂಡಿಟ್ಟ ಶಕ್ತಿಯೆಲ್ಲಾ ಮುಗಿದು ಹುಳಿ ಸೇರುತ್ತದೆ. ಅದು ಬೇಗ ಸೆಟೆದುಕೊಂಡು ಬೇಗ ಮೆತ್ತಗಾಗುತ್ತದೆ. ಥಟ್ಟನೆ ಕೊಂದು ತಣ್ಣಗಿಟ್ಟದ್ದು ಹೆಚ್ಚು ಹೊತ್ತು ಗಟ್ಟಿಯಾಗಿ, ತಾಜಾ ಇರುತ್ತದೆ. ಗಿರಾಕಿ ಮೀನನ್ನು ಒತ್ತಿ ನೋಡಿಯೇ ತಾನೇ ಬೆಲೆ ಹೇಳುವುದು?

ತಾಯಂದಿರಿಗೆ ಒಂದು ಮಾತು. ಕೊರವ ಮೀನು ಗಾಳಿಯನ್ನೂ ಉಸಿರಾಡಬಲ್ಲದು. ಅದಕ್ಕೇ ಕೊಡದಲ್ಲಿ ಜೀವಂತ ತಂದು ಮಾರುತ್ತಾರೆ. ಮನೆಗೆ ತಂದ ಮೇಲೂ ಅದಕ್ಕೆ ಜೀವವಿರುತ್ತದೆ. ಹಾಗೆಯೇ ಬೂದಿ ಹಾಕಿ ಉಜ್ಜುವುದು, ಜೀವವಿರುವಾಗಲೇ ಪೊರೆ ಕೆರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಬೇಕೆಂದು ಮಾಡುವುದಲ್ಲ, ಜಾರುತ್ತದೆ ಅಂತ ಮಾಡುವುದು. ಮೊದಲು ನೆತ್ತಿಗೆ ಆ ಒಂದು ಪೆಟ್ಟು ಬೀಳಲಿ, ಬೂದಿ ಆಮೇಲೆ. ಮಕ್ಕಳಿಗೂ ಹೇಳಿ. ಬತ್ತಿದ ಕೆರೆಯಲ್ಲಿ ಸಿಕ್ಕ ಮರಿಯನ್ನು ದಾರಕ್ಕೆ ಪೋಣಿಸಿ ಎಳೆದಾಡುವುದು ಆಟವಲ್ಲ ಅಂತ ಅವರಿಗೆ ನೀವು ಹೇಳಿದರೆ ನಾಟುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ ಅಂತ ಬರೆದಿದೆ. ಅಂದರೆ ಮೀನೂ ಸೇರಿತು. ಆಹಾರಕ್ಕಾಗಿ ಕೊಲ್ಲುವುದನ್ನು ಕಾಯಿದೆ ತಡೆಯುವುದಿಲ್ಲ. ಹಾಗೆ ಕೊಲ್ಲುವಾಗ ಅನಾವಶ್ಯಕ ಹಿಂಸೆ ಕೂಡದು ಅನ್ನುತ್ತದೆ. ನಮ್ಮ ಹಿರಿಯರು ಬಾಯಿಲ್ಲದ ಜೀವ ಅಂತ ಮರುಗುತ್ತಿದ್ದುದೂ ಇದಕ್ಕೇ ತಾನೇ?

ಮುಂದಿನ ತಿಂಗಳು ಆ ಹಳ್ಳಿಗೆ ಮತ್ತೆ ಹೋಗುವುದಿದೆ. ಆ ಹುಡುಗಿಗೆ ಹೇಳಬೇಕಾದದ್ದು ಈಗ ಗೊತ್ತಾಗಿದೆ. "ಹೌದು ಮರಿ, ನೋಯ್ತದೆ ಅಂತಲೇ ಕಾಣ್ತದೆ. ಅದಕ್ಕೇ ಮೆತ್ತಗೆ ಹಿಡೀಬೇಕು, ಬೇಗ ಮುಗಿಸ್ಬೇಕು" ಅಂತ ಹೇಳುತ್ತೇನೆ. ಅವಳ ತಾತನಿಗೂ ಒಂದು ಮಾತು ಹೇಳುವುದಿದೆ: ರಕ್ತ ತಣ್ಣಗಿದ್ದರೂ ನರ ತಣ್ಣಗಿಲ್ಲ ಯಜಮಾನರೇ.

ಈ ಸಲ ನಿಮ್ಮ ಊರಿನ ಕೆರೆಗೆ ಬಲೆ ಬೀಳುವ ದಿನ ಬುಟ್ಟಿಯ ಜೊತೆ ಆ ಕೊರಡನ್ನೂ ಮರೆಯದೆ ಒಯ್ಯಿರಿ.